ಎರಡು ಚೀಟಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಹರಾಜಿನ ಗಲಾಟೆಯ ನಡುವೆ ಯಾರಾದರೂ ಕೂಗುತ್ತಾರೆ:
"ಮೇಡಂ ಗೂಡು ಸಾಮೀ, ಕೈಯಲ್ಲಿ ಹಿಡಿದು ನೋಡಿ!"
ಯಾವ ಮೇಡಂ ಅಂತ ಕೇಳಿ,
ಕೂಗಿದವನಿಗೂ ಗೊತ್ತಿರುವುದಿಲ್ಲ.

ನನಗೆ ಗೊತ್ತು.
ಮೂವತ್ತೊಂದು ವರ್ಷ ಅವರ ಗಾಜು ತೊಳೆದವನು ನಾನು, ಪಿಳ್ಳಪ್ಪ.

ಖಮರುನ್ನಿಸಾ ಮೇಡಂ.
ಅಪ್ಪನದು ಎರಡು ಚರಕದ ಮನೆ.
ಕುದಿನೀರಿನ ಬಾಂಡ್ಲಿಯಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಏಳನೇ ಕ್ಲಾಸಿಗೇ ಬೆರಳು ಬೆಂದಿದ್ದವು.
"ನನ್ನ ಬೆರಳಚ್ಚು ಬೀಳೋದಿಲ್ಲ ಪಿಳ್ಳಪ್ಪ,
ಕಳ್ಳತನಕ್ಕೆ ಇಳಿದಿದ್ದರೆ ಇಷ್ಟೊತ್ತಿಗೆ ಬಂಗಲೆ ಕಟ್ಟಿರುತ್ತಿದ್ದೆ."

ಹಾಲುತೊಂಡೆ ರೋಗ ಗೊತ್ತಲ್ಲ,
ನಾಲ್ಕನೇ ಜ್ವರ ಎದ್ದ ಹುಳ ಊದಿಕೊಂಡು
ತಟ್ಟೆಯ ಅಂಚಿಗೆ ತೆವಳಿ
ಮೈಯೊಡೆದು ಹಾಲು ಸುರಿಸಿ ಸಾಯುತ್ತದೆ.
ಇಲಾಖೆಯವರು ಬಂದು ಸತ್ತದ್ದನ್ನು ಎಣಿಸುತ್ತಿದ್ದರು.
ಇವರು ಟಿಫನ್ ಬಾಕ್ಸ್ ಹಿಡಿದು
ಮೇಲೂರು, ಮಳ್ಳೂರು, ದಿಬ್ಬೂರಹಳ್ಳಿ ಸುತ್ತಿ
ತಿಪ್ಪೆಗೆ ಎಸೆಯುವ ಮೊದಲು ಕೇಳುತ್ತಿದ್ದರು:
"ಇದರಲ್ಲಿ ಸಾಯದೆ ಉಳಿದದ್ದು ಎಷ್ಟಮ್ಮ?"

ನೂರಕ್ಕೆ ಮೂರು.
ಆ ಮೂರಕ್ಕೆ ಹನ್ನೊಂದು ವರ್ಷ.
ಕತ್ತಲ ಕೋಣೆ, ನೇರಳೆ ದೀಪ,
ಜೆಲ್ಲಿನ ಮೇಲೆ ಕಿತ್ತಳೆ ಗೆರೆಗಳು,
ಹೊರಗೆ ಕಾವಲಿಗೆ ನಾನು, ಯಾರೂ ಬಾಗಿಲು ತೆಗೆಯದ ಹಾಗೆ.
"ಹುಳದ ಕರುಳಿನಲ್ಲೊಂದು ಬಾಗಿಲಿದೆ," ಅಂದಿದ್ದರು ಒಮ್ಮೆ,
ನನಗೆ ತಿಳಿಯಲಿ ಅಂತ,
"ಈ ಮೂರರಲ್ಲಿ ಚಿಲಕ ಬರೆಯುವಾಗ
ಒಂದಕ್ಷರ ತಪ್ಪಾಗಿದೆ. ರೋಗಕ್ಕೆ ಓದಲಾಗುವುದಿಲ್ಲ."

ತೊಂಬತ್ತಾರರ ಮೇ ತಿಂಗಳು.
ಎರಡು ರಾತ್ರಿ ಕರೆಂಟಿಲ್ಲ.
ಜನರೇಟರಿಗೆ ಡೀಸೆಲ್ ಹಾಕಬೇಕಾದವನು
ತಂಗಿಯ ಮಗುವಿನ ನಾಮಕರಣ ಅಂತ ವಿಜಯಪುರದಲ್ಲಿ
ಒಬ್ಬಟ್ಟು ತಿನ್ನುತ್ತಿದ್ದ.
ಬಂದು ಫ್ರೀಜರ್ ತೆರೆದರೆ ನೀರು,
ನೀರಿನಲ್ಲಿ ತೇಲುವ ಚೀಟಿಗಳು.
ನೆನಪಿದ್ದ ಹಾಗೆ ಅಂಟಿಸಿದೆ.
ಅರವತ್ತು ಟ್ಯೂಬು. ಒಂದು ಮಾತು ಆಡಲಿಲ್ಲ.

ಲೇಖನ ಅಚ್ಚಾಯಿತು, ಸ್ಟೇಷನ್ನಿಗೆಲ್ಲ ಮೈಸೂರು ಪಾಕು,
ಹೊರದೇಶದಿಂದ ಪತ್ರ.
ನಾನೂ ಎರಡು ತುಂಡು ತಿಂದೆ.

ಎರಡು ವರ್ಷಕ್ಕೆ ಇನ್ನೊಂದು ಪತ್ರ,
ಯಾರೋ ಹುಡುಗ, ಬಹಳ ಮರ್ಯಾದೆಯಿಂದ:
ನಮಗೆ ಹಾಗೆ ಬರುತ್ತಿಲ್ಲವಲ್ಲ.

ಒಂಬತ್ತು ರಾತ್ರಿ ಮತ್ತೆ ಮಾಡಿ ನೋಡಿದರು.
ಹತ್ತನೆಯ ರಾತ್ರಿ ಫ್ಲಾಸ್ಕು ತೊಳೆಯುತ್ತಿದ್ದ ನಾನೇ ಹೋಗಿ ಹೇಳಿದೆ.
ಬೈಯುತ್ತಾರೆ ಅಂತ ತಲೆ ತಗ್ಗಿಸಿದ್ದೆ.
ಸ್ಟೂಲು ಎಳೆದು ಕೂತರು.
"ಎಡದಿಂದ ಅಂಟಿಸಿದೆಯಾ, ಬಲದಿಂದಲಾ?"
ಅಷ್ಟೇ ಕೇಳಿದ್ದು.

ಬರೆದದ್ದನ್ನು ವಾಪಸ್ ತೆಗೆದುಕೊಂಡರು.
ತಪ್ಪು ನನ್ನದು ಎಂದು ಸಹಿ ಹಾಕಿದರು,
ನನ್ನದು ಅಂದರೆ ಅವರದು.
ಬರಬೇಕಿದ್ದ ಕುರ್ಚಿ ಮಂಡ್ಯದವರಿಗೆ ಹೋಯಿತು.
ನನ್ನ ಹೆಸರು ಯಾವ ಕಾಗದದಲ್ಲೂ ಇಲ್ಲ,
ಹುಡುಕಿ ಬೇಕಾದರೆ.

ಮತ್ತೆ ಐದು ವರ್ಷ.
ಬಾಗಿಲು ಸಿಕ್ಕಿತು, ಹೇಳಿದ್ದಕ್ಕಿಂತ ಚಿಕ್ಕದು,
ಪಕ್ಕದ ಗೋಡೆಯಲ್ಲಿ.
ಆ ತಳಿಯೇ ಈಗ ಚಂದ್ರಂಕಿಯಲ್ಲಿ ಹಣ್ಣಾಗಿ ಗೂಡು ಕಟ್ಟುತ್ತಿರುವುದು.
ಖಮರ್ ಅಂದರೆ ಚಂದ್ರ ಅಂತ ಅವರು ರಿಟೈರಾದ ದಿನ
ಡ್ರೈವರ್ ಬಾಷಾ ಹೇಳಿದ. ನನಗೆ ಅದುವರೆಗೆ ಗೊತ್ತಿರಲಿಲ್ಲ.

ಹತ್ತೊಂಬತ್ತು ಜನ ಅವರ ಕೈಕೆಳಗೆ ಡಾಕ್ಟರಾದರು.
ಒಬ್ಬ ರಾಯಚೂರಿನಲ್ಲಿ ಭತ್ತ, ಒಬ್ಬಳು ಜಪಾನಿನಲ್ಲಿ ಏನೋ ಮೀನು.
ಮೊನ್ನೆ ಪಿಂಚಣಿ ಕೆಲಸಕ್ಕೆ ಹೋದಾಗ
ನಮ್ಮ ಹಳೇ ಕೋಣೆಯಲ್ಲಿ ಹೊಸ ಹುಡುಗಿ,
ಟ್ಯೂಬಿಗೆ ಹೊರಗೊಂದು ಚೀಟಿ ಅಂಟಿಸಿ
ಮುಚ್ಚಳದ ಮೇಲೂ ಸೂಜಿಯಿಂದ ನಂಬರು ಗೀರುತ್ತಿದ್ದಳು.
"ಎರಡೆರಡು ಯಾಕಮ್ಮ?"
"ಗೊತ್ತಿಲ್ಲ ತಾತ. ನಮ್ಮ ಸರ್ ಕಲಿಸಿದ್ದು.
ಅವರಿಗೆ ಅವರ ಮೇಡಂ."

ಬಾಯಿಗೆ ಬಂದದ್ದನ್ನು ನುಂಗಿ
ಸಿಂಕಿನಲ್ಲಿದ್ದ ಫ್ಲಾಸ್ಕು ಎರಡು ತೊಳೆದಿಟ್ಟು ಬಂದೆ.

ಮನೆಯಲ್ಲಿ ಉಪ್ಪಿನಕಾಯಿ ಭರಣಿಗೂ
ಎರಡು ಚೀಟಿ ಅಂಟಿಸುತ್ತೇನೆ, ಹೆಂಡತಿ ನಗುತ್ತಾಳೆ:
ವಾಸನೆ ನೋಡಿದರೆ ತಿಳಿಯೋದಿಲ್ಲವಾ,
ಇದು ಮಾವು, ಅದು ನಿಂಬೆ?